ಮನೆಯವರು ಎಂಬ ಸಾಲು

ಗಂಡ ತೀರಿಹೋದ ಮೇಲೆ ಸೊಸೆ ಹೆಚ್ಚು ದಿನ ರಜೆ ಹಾಕಲಿಲ್ಲ. ಹೋಗಿ ಬಂದು ಮಾಡುತ್ತಿದ್ದರೆ ಮನಸ್ಸು ಹಗುರಾಗುತ್ತದೆ ಎಂದು ನಾಲ್ಕು ಜನ ಹೇಳಿದರು. ಹಗುರಾಗಬೇಕಾದರೆ ಮೊದಲು ಭಾರವಾಗಿರಬೇಕಲ್ಲ, ಅವಳಿಗೆ ಭಾರವೂ ಇರಲಿಲ್ಲ. ಬೆಳಿಗ್ಗೆ ಎದ್ದರೆ ಕಾಲು ಚಪ್ಪಲಿಯನ್ನು ಹುಡುಕುತ್ತಿತ್ತು, ಚಪ್ಪಲಿ ಬಸ್ ನಿಲ್ದಾಣವನ್ನು ಹುಡುಕುತ್ತಿತ್ತು, ಬಸ್ಸು ಅವಳನ್ನು ಕಚೇರಿಯ ಮುಂದೆ ಇಳಿಸಿ ಹೋಗುತ್ತಿತ್ತು. ದೇವರು ಕೆಲವರಿಗೆ ದುಃಖವನ್ನು ಕೈಗೇ ಕೊಡುತ್ತಾನೆ. ಕೆಲವರದನ್ನು ಬಾಗಿಲ ಹೊರಗೆ ಇಟ್ಟು ಹೋಗುತ್ತಾನೆ, ಒಳಗೆ ತೆಗೆದುಕೊಳ್ಳುವ ಹೊತ್ತನ್ನು ಅವರೇ ನೋಡಿಕೊಳ್ಳಲಿ ಎಂದು. ಸೊಸೆಯದು ಹೊರಗೇ ಕೂತಿತ್ತು.

ಕಚೇರಿಯಲ್ಲಿ ಅವಳ ಪಾಲಿಗೆ ಬಂದದ್ದು ಒಂದು ಆ್ಯಪಿನ ಕೆಲಸ. ಮನುಷ್ಯನೊಬ್ಬನ ಬದುಕಿನ ಚಿಲ್ಲರೆಯನ್ನೆಲ್ಲ ಒಂದೇ ಕಡೆ ಇಟ್ಟುಕೊಳ್ಳುವ ಆ್ಯಪು ಅದು. ಬೇಕಾದವರ ನಂಬರು, ಮಾತ್ರೆ ನುಂಗುವ ಹೊತ್ತು, ಮನೆ ಬಾಡಿಗೆಯ ಕರಾರು, ಕನ್ನಡಕದ ನಂಬರು, ಯಾರಿಗೋ ಕೊಟ್ಟು ಮರೆತ ಮಾತು, ಎಲ್ಲಕ್ಕೂ ಅದರಲ್ಲಿ ಜಾಗ. ಪರದೆಯ ಎಡಗಡೆ ಮೇಲಿನಿಂದ ಕೆಳಗಿನವರೆಗೆ ಒಂದು ಪಟ್ಟಿ. ಅದಕ್ಕೆ ಸೈಡ್‌ಬಾರ್ ಎನ್ನುತ್ತಾರೆ. ಒಳಗೆ ಏನಿದ್ದರೂ ಹೋಗುವ ದಾರಿ ಅಲ್ಲಿಂದಲೇ. ಆ ಪಟ್ಟಿಯಲ್ಲಿ ಯಾವ ಸಾಲು ಮೇಲೆ, ಯಾವುದು ಕೆಳಗೆ, ಯಾವುದಕ್ಕೆ ಏನು ಹೆಸರು ಎಂದು ಗೊತ್ತುಮಾಡುವುದು ಸೊಸೆಯ ಕೆಲಸ.

ಅವಳು ಹೇಳಿದ್ದನ್ನು ಕೋಡಾಗಿ ಬರೆಯುವವನು ಎದುರು ಮೇಜಿನ ಗಡ್ಡ. ಗಡ್ಡ ಬಂದ ಮೇಲೆ ಅವನ ಹೆಸರನ್ನು ಕಚೇರಿ ಮರೆತಿತ್ತು. ಅವನು ಸೈಡ್‌ಬಾರಿಗೆ ಪಕ್ಕೆಲುಬು ಎಂದು ಹೆಸರಿಟ್ಟಿದ್ದ.

"ಅಕ್ಕ, ಪಕ್ಕೆಲುಬು ಎಲ್ಲಿಗೆ ಬಂತು?"

"ಬರ್ತಾ ಇದೆ."

"ಒಂದು ಕೇಳ್ಲಾ? ಒಳಗೆ ಏನೂ ಇಲ್ಲದ ಸಾಲನ್ನ ತಾನಾಗೇ ಮಾಯ ಮಾಡಿಬಿಡೋಣ್ವಾ? ಖಾಲಿ ಸಾಲು ಸುಮ್ನೆ ಜಾಗ ತಿನ್ನುತ್ತೆ."

"ಆಮೇಲೆ ನೋಡೋಣ."

ಅವಳು ಎಲ್ಲದಕ್ಕೂ ಆಮೇಲೆ ಎನ್ನುತ್ತಿದ್ದಳು. ಗಡ್ಡ ತಲೆಯಾಡಿಸಿ ತನ್ನ ಪರದೆಗೆ ಮರಳುತ್ತಿದ್ದ. ಆದರೂ ಕೆಲಸ ಕೆಟ್ಟಿರಲಿಲ್ಲ. ಸಾಲು ಸಾಲಿನ ನಡುವೆ ಬೆರಳು ತಪ್ಪಿ ಬೀಳದಷ್ಟು ಜಾಗ ಬಿಟ್ಟಳು. ತೆರೆದ ಸಾಲಿನ ಹಿಂದೆ ತೆಳು ನೀಲಿ ಬಳಿದಳು, ಎಲ್ಲಿದ್ದೇವೆಂದು ಕಣ್ಣಿಗೆ ತಿಳಿಯಲೆಂದು. ಹೆಸರುಗಳನ್ನೂ ಇಟ್ಟಳು: ಇಂದು, ಮನೆಯವರು, ಸ್ನೇಹಿತರು, ಕೆಲಸ, ಆರೋಗ್ಯ, ಕಾಗದಪತ್ರ, ಕೊನೆಯಲ್ಲಿ ಇತರೆ. ಎಲ್ಲರ ಬಾಯಲ್ಲಿರುವ ಮಾತುಗಳು, ಯಾರಿಗೂ ತೊಡಕಾಗದು ಎಂದುಕೊಂಡಳು. ತನ್ನ ಫೋನಿನಲ್ಲಿ ಪರೀಕ್ಷೆಗೆಂದು ಹಾಕಿಕೊಂಡಿದ್ದ ಆ್ಯಪಿನಲ್ಲಿ ಮನೆಯವರು ಎಂಬ ಸಾಲಿನ ಕೆಳಗೆ ಇಬ್ಬರಿದ್ದರು, ಗಂಡ ಮತ್ತು ಅತ್ತೆ. ಗಂಡನ ಹೆಸರನ್ನು ಅವಳು ಅಳಿಸಿರಲಿಲ್ಲ. ಅಳಿಸಬಾರದೆಂಬ ಹಟವೇನಲ್ಲ, ಬೆರಳು ಅಲ್ಲಿಗೆ ಹೋಗಿರಲಿಲ್ಲ ಅಷ್ಟೇ.

ಮನೆಯಲ್ಲಿ ಈಗ ಉಳಿದವರು ಅತ್ತೆ ಸೊಸೆ ಇಬ್ಬರೇ. ಮದುವೆಯಾದ ದಿನದಿಂದ ಅತ್ತೆ ಜೊತೆಗೇ ಇದ್ದರು. ಎರಡು ಕೋಣೆ, ಒಂದು ಅಡುಗೆಮನೆ, ಬಟ್ಟೆ ಒಣಗಿಸುವ ಸಣ್ಣ ಬಾಲ್ಕನಿ. ಮಾವ ಹೋಗಿ ಬಹಳ ಕಾಲವಾಗಿತ್ತು. ಆದರೆ ಅತ್ತೆಯ ಮಾತಿನಲ್ಲಿ ಅವರು ದಿನಕ್ಕೊಂದು ಸಲವಾದರೂ ಬಂದು ಹೋಗುತ್ತಿದ್ದರು. "ನಮ್ಮನೆಯವರಿಗೆ ಚಹಾ ಸುಡ್ತಾ ಇರ್ಬೇಕಿತ್ತು." "ನಮ್ಮನೆಯವರು ಇದ್ದಿದ್ರೆ ಈ ನಲ್ಲಿ ಇಷ್ಟು ದಿನ ಸೋರ್ತಿರ್ಲಿಲ್ಲ." ಸೊಸೆ ಹೂಂಗುಟ್ಟುತ್ತಿದ್ದಳು. ಅವಳ ಕಾಲದವರು ಗಂಡನನ್ನು ಹೆಸರು ಹಿಡಿದೇ ಕರೆಯುವವರು. ಅತ್ತೆಯ ಆ ಮಾತು ದಿನಾ ಕಿವಿಗೆ ಬೀಳುತ್ತಿತ್ತು, ಕೆಲಸದ ಮೇಜಿನವರೆಗೆ ಬಂದಿರಲಿಲ್ಲ.

ಮಗನ ಬಗ್ಗೆ ಮಾತ್ರ ಇಬ್ಬರೂ ಬಾಯಿ ಬಿಡುತ್ತಿರಲಿಲ್ಲ. ಅತ್ತೆ ಬೆಳಿಗ್ಗೆ ಸ್ನಾನ ಮಾಡಿ ಕಿಟಕಿಯ ಕಡೆ ಮುಖ ಮಾಡಿ ಕಣ್ಣು ಮುಚ್ಚಿ ಕೂರುತ್ತಿದ್ದರು, ತುಟಿ ಅಲ್ಲಾಡುತ್ತಿತ್ತು. ದೇವರ ಹತ್ತಿರ ಏನು ಕೇಳುತ್ತಿದ್ದರೋ ಅವರಿಗೇ ಗೊತ್ತು. ಸಂಜೆ ಊಟಕ್ಕೆ ಬಡಿಸಿ ಎದುರು ಕೂತು ಅವರು ಕೇಳುತ್ತಿದ್ದದ್ದು ಒಂದೇ ಪ್ರಶ್ನೆ.

"ಉಪ್ಪು ಸರಿಯಾಗಿದೆಯಾ?"

"ಸರಿ ಇದೆ, ಅತ್ತೆ."

ಅತ್ತೆ ಒಂದು ಗಳಿಗೆ ಅವಳ ಮುಖ ನೋಡಿ ತಮ್ಮ ತಟ್ಟೆಗೆ ಕೈಹಾಕುತ್ತಿದ್ದರು.

ಹೀಗಿರುವಾಗ ಒಂದು ಭಾನುವಾರ ಬೆಳಿಗ್ಗೆ ಸೊಸೆ ಊಟದ ಮೇಜಿನ ಮೇಲೆ ಚೀಟಿಗಳನ್ನು ಹರಡಿದಳು. ಸೈಡ್‌ಬಾರಿನ ಹೆಸರುಗಳನ್ನು ಕಾಯಂ ಮಾಡುವ ಮೊದಲು ಕಾಗದದ ಮೇಲೆ ಬರೆದು ಜನರ ಮುಂದಿಟ್ಟು ನೋಡುವುದು ಆ ಕಸುಬಿನ ಪದ್ಧತಿ. ಇಂಥದ್ದು ಬೇಕಾದರೆ ಯಾವ ಹೆಸರನ್ನು ಮುಟ್ಟುತ್ತೀರಿ ಎಂದು ಕೇಳಬೇಕು, ಆಮೇಲೆ ಬಾಯಿಗೆ ಬೀಗ ಹಾಕಿ ಕೂರಬೇಕು. ಎದುರಿನವರು ದಾರಿ ತಪ್ಪಿದರೂ ತುಟಿ ಪಿಟಕ್ಕೆನ್ನಬಾರದು, ಹುಬ್ಬು ಕೂಡ ಹಾರಿಸಬಾರದು. ಅವರೇನಾದರೂ ತಿರುಗಿ ಕೇಳಿದರೆ ಹೇಳಬೇಕಾದ ಮಾತು ಒಂದೇ, ನಿಮಗೆ ಹೇಗೆ ಅನಿಸುತ್ತದೋ ಹಾಗೆ ಮಾಡಿ. ಸೊಸೆ ಇದರಲ್ಲಿ ಪಳಗಿದವಳು. ಇತ್ತೀಚೆಗಂತೂ ಅವಳಿಗೆ ಅದಕ್ಕಾಗಿ ಏನೂ ಪ್ರಯತ್ನ ಬೇಕಿರಲಿಲ್ಲ, ಮುಖ ತಾನಾಗಿಯೇ ಹಾಗಿರುತ್ತಿತ್ತು.

"ಅತ್ತೆ, ಸ್ವಲ್ಪ ಬರ್ತೀರಾ? ಕೆಲಸದ್ದು. ಇದರಲ್ಲಿ ಸರಿ ತಪ್ಪು ಅಂತ ಇಲ್ಲ."

"ಸರಿ ತಪ್ಪು ಇಲ್ಲದ ಕೆಲಸಕ್ಕೆ ಸಂಬಳ ಕೊಡ್ತಾರಾ?"

"ಕೊಡ್ತಾರೆ."

"ಪುಣ್ಯಾತ್ಮರು," ಎಂದು ಅತ್ತೆ ಕೈ ಒರೆಸಿಕೊಂಡು ಬಂದು ಕನ್ನಡಕ ಏರಿಸಿದರು.

"ಈಗ ನಿಮಗೆ ನನ್ನ ನಂಬರು ಬೇಕು. ಯಾವ ಚೀಟಿ ಮುಟ್ತೀರಿ?"

ಅತ್ತೆಯ ಬೆರಳು ಮೇಲಿನಿಂದ ಹೊರಟಿತು. ಇಂದು ಎಂಬುದನ್ನು ದಾಟಿತು. ಮನೆಯವರು ಎಂಬುದರ ಮೇಲೆ ಬಂತು. ಬೇರೆಯವರ ಮನೆಯ ಗೇಟಿನ ಮುಂದೆ ಹಾದುಹೋಗುವವರ ಹಾಗೆ, ನಿಲ್ಲದೆ ಅದನ್ನೂ ದಾಟಿತು. ಸ್ನೇಹಿತರು ಎಂಬಲ್ಲಿ ಅತ್ತೆ ತಲೆಯೆತ್ತಿ, "ನೀನು ನನಗೆ ಗೆಳತಿ ಏನೇ?" ಎಂದು ನಕ್ಕರು. ಸೊಸೆ ನಗಲಿಲ್ಲ, ನಗುವುದು ಪದ್ಧತಿಯಲ್ಲ. ಬೆರಳು ಕೆಲಸ, ಆರೋಗ್ಯ, ಕಾಗದಪತ್ರ ಎಲ್ಲವನ್ನೂ ಇಳಿದು ಕೊನೆಯ ಚೀಟಿಯ ಮೇಲೆ ಕೂತಿತು.

"ಇಲ್ಲಿ."

ಇತರೆ. ಹೊಸದಾಗಿ ಕೆಲಸಕ್ಕೆ ಸೇರಿದವರಿಗೆ ಆ ಸಾಲಿನ ಬಗ್ಗೆ ಪಾಠ ಹೇಳುತ್ತಿದ್ದವಳು ಇವಳೇ. ಎಲ್ಲೂ ಸೇರದ್ದನ್ನು ಎಸೆಯುವ ಮೂಲೆ ಅದು, ಮನೆಯಲ್ಲಿ ಅಟ್ಟ ಇದ್ದ ಹಾಗೆ, ಅಲ್ಲಿಗೆ ಹೋದದ್ದನ್ನು ಯಾರೂ ಮತ್ತೆ ಹುಡುಕುವುದಿಲ್ಲ ಎನ್ನುತ್ತಿದ್ದಳು. ಈಗ ತಾನೇ ಅಲ್ಲಿ ಕೂತಿದ್ದಳು. ನೋವಾಗಬೇಕಿತ್ತು. ಕಾದು ನೋಡಿದಳು, ಆಗಲಿಲ್ಲ. ಮರಗಟ್ಟಿದ ಕಾಲನ್ನು ಚಿವುಟಿದ ಹಾಗೆ, ಎಲ್ಲೋ ದೂರದಲ್ಲಿ ಏನೋ ಆದದ್ದು ತಿಳಿಯಿತು, ಅಷ್ಟೇ. ಸರಿ, ಎಂದುಕೊಂಡಳು. ಮಗನ ದಾರಿ ಹಿಡಿದು ಈ ಮನೆಗೆ ಬಂದವಳು ತಾನು, ದಾರಿಯೇ ಹೋಯಿತು.

ಇನ್ನೊಂದು ಪ್ರಶ್ನೆ ಕೇಳುವಷ್ಟರಲ್ಲಿ ಅತ್ತೆಯ ಫೋನು ಬಡಿದುಕೊಂಡಿತು. ಮಾಡಿದ್ದು ನಾದಿನಿ, ಅತ್ತೆಯ ಮಗಳು. ಅವಳ ಮಾತು ಫೋನಿನ ಆಚೆಗೂ ಕೇಳುವಂಥದ್ದು.

"ಅಮ್ಮ, ಎಷ್ಟು ಸಲ ಹೇಳ್ಲಿ? ನಮ್ಮನೇಲಿ ಕೆಳಗಿನ ಕೋಣೆ ಖಾಲಿ ಇದೆ. ಶನಿವಾರ ಕಾರು ತರ್ತೀನಿ. ಅತ್ತಿಗೆಗೂ ಸ್ವಲ್ಪ ಉಸಿರಾಡೋಕೆ ಬಿಡು. ಅವರಿಗೂ ಅವರದ್ದು ಅಂತ ಇರುತ್ತೆ."

ಅತ್ತೆ ಫೋನನ್ನು ಎದೆಗೆ ಒತ್ತಿಕೊಂಡು ಸೊಸೆಯನ್ನು ನೋಡಿದರು. "ಕರೀತಿದಾಳೆ. ಇನ್ನು ಅಲ್ಲೇ ಇದ್ದುಬಿಡು ಅಂತಾಳೆ. ನೀನೇನಂತೀಯ? ಹೋಗ್ಲಾ?"

ಸೊಸೆ ಚೀಟಿಗಳನ್ನು ಒಟ್ಟುಮಾಡುತ್ತಿದ್ದಳು. "ನಿಮಗೆ ಹೇಗೆ ಅನ್ಸುತ್ತೋ ಹಾಗೆ ಮಾಡಿ, ಅತ್ತೆ."

ಅತ್ತೆ ಕನ್ನಡಕ ತೆಗೆದು ಮಡಿಸಿದರು. ಆಮೇಲೆ ಫೋನನ್ನು ಕಿವಿಗೆ ತಂದು, "ಆಯ್ತು, ಬಾ," ಎಂದರು.

ಆ ವಾರ ಮನೆಯ ಸಾಮಾನುಗಳು ಒಂದೊಂದಾಗಿ ಜಾಗ ಬಿಟ್ಟವು. ಅತ್ತೆಯ ಹಲ್ಲುಜ್ಜುವ ಬ್ರಷ್ಷಿನ ಪಕ್ಕದ ಲೋಟ, ಬಾಗಿಲ ಹಿಂದೆ ತೂಗುತ್ತಿದ್ದ ಉಣ್ಣೆಯ ಶಾಲು, ಮಾವನ ಹಳೆಯ ಫೋಟೋ. ಸೊಸೆ ಅದನ್ನೆಲ್ಲ ನೋಡಿದಳು. ತಡೆಯಬೇಕು ಎಂದು ಒಂದೆರಡು ಸಲ ಅನಿಸಿತು, ಆದರೆ ಅನಿಸಿದ್ದು ಬಾಯಿಯವರೆಗೆ ಬರುವ ದಾರಿಯಲ್ಲೇ ಆರಿಹೋಯಿತು. ತನ್ನನ್ನು ಇತರೆ ಎಂದವರಿಗೆ ಯಾವ ಮುಖ ಇಟ್ಟುಕೊಂಡು ಇರಿ ಎನ್ನುವುದು? ಸಂಜೆ ಮಾತ್ರ ಅತ್ತೆ ಎಂದಿನಂತೆ ಬಡಿಸಿದರು, ಉಪ್ಪು ಸರಿಯಾಗಿದೆಯಾ ಎಂದರು, ಇವಳು ಸರಿ ಇದೆ ಎಂದಳು.

ಶನಿವಾರ ಬೆಳಿಗ್ಗೆ ಕಚೇರಿಗೆ ಹೊರಗಿನವರನ್ನು ಕರೆಸಿ ಚೀಟಿಯ ಪರೀಕ್ಷೆ ನಡೆಸುವುದಿತ್ತು. ಮೊದಲು ಬಂದವರು ಎದುರು ಬೀದಿಯ ಟೈಲರಮ್ಮ. ದಪ್ಪನೆಯ ಹೆಂಗಸು, ಕೊರಳಲ್ಲಿ ಅಳತೆ ಟೇಪು ಹಾಗೇ ಇತ್ತು. ಜೊತೆಗೆ ಬಂದ ಗಂಡ ಹೊರಗಿನ ಬೆಂಚಿನ ಮೇಲೆ ಪತ್ರಿಕೆ ಬಿಡಿಸಿಕೊಂಡು ಕೂತ. ಗಡ್ಡ ಬರೆದುಕೊಳ್ಳಲು ಮೂಲೆಯ ಕುರ್ಚಿ ಹಿಡಿದ.

"ಅಮ್ಮ, ನಿಮ್ಮ ತಂಗಿಯ ನಂಬರು ಬೇಕು ಅಂದ್ಕೊಳ್ಳಿ. ಯಾವ ಚೀಟಿ ಮುಟ್ತೀರಿ?" ಎಂದು ಸೊಸೆ ಕೇಳಿದಳು.

ಟೈಲರಮ್ಮನ ಬೆರಳು ಬಟ್ಟೆ ಸವರುವ ಹಾಗೆ ಇಳಿಯಿತು. ಇಂದು, ಮನೆಯವರು, ಸ್ನೇಹಿತರು. ಮತ್ತೆ ಮೇಲಕ್ಕೆ ಹೋಯಿತು, ಮತ್ತೆ ಕೆಳಕ್ಕೆ. "ಇದರಲ್ಲಿ ತಂಗಿಗೆ ಜಾಗವೇ ಇಲ್ವಲ್ಲಮ್ಮ. ಕೊನೇದರಲ್ಲೇ ಹಾಕ್ಬೇಕು, ಪಾಪ."

ಮೂಲೆಯಲ್ಲಿ ಗಡ್ಡನಿಗೆ ತಡೆಯಲಾಗಲಿಲ್ಲ. ಪದ್ಧತಿ ಗಿದ್ಧತಿ ಎಲ್ಲ ಮರೆತು, "ಅಯ್ಯೋ, ಮನೆಯವರು ಅಂತ ಅಷ್ಟು ದೊಡ್ಡದಾಗಿ ಬರೆದಿದೆಯಲ್ಲಮ್ಮ, ಅಲ್ಲಿ ನೋಡಿ!" ಎಂದುಬಿಟ್ಟ.

ಟೈಲರಮ್ಮ ಅವನ ಕಡೆ ತಿರುಗಿದರು. "ಮನೆಯವರು ಹೊರಗಡೆ ಬೆಂಚಿನ ಮೇಲೆ ಕೂತಿದಾರೆ, ಕರೀಲಾ?"

"ಅವರಲ್ಲ ಅಮ್ಮ..."

"ನನಗಿರೋದು ಅವರೊಬ್ರೇ ಕಣಪ್ಪ. ನನ್ನ ತಂಗಿ ನಂಬರು ಅವರ ಹತ್ರ ಯಾಕಿರುತ್ತೆ? ಇದ್ರೆ ನಾನು ಸುಮ್ನೆ ಬಿಡ್ತೀನಾ?"

ಗಡ್ಡ ಪೆನ್ನು ಬಿಟ್ಟು ಹೊಟ್ಟೆ ಹಿಡಿದುಕೊಂಡ. ಟೈಲರಮ್ಮನೂ ನಕ್ಕರು, ಟೇಪು ಕುಣಿಯಿತು. ಹೊರಗಿನಿಂದ ಗಂಡ, "ಏನಾಯ್ತೇ?" ಎಂದು ಇಣುಕಿದ.

"ನಿಮ್ಮನ್ನಲ್ಲ, ಕೂತ್ಕೊಳ್ಳಿ!"

ಸೊಸೆ ಎರಡನೆಯ ಚೀಟಿಯನ್ನು ನೋಡುತ್ತಿದ್ದಳು. ತನ್ನ ಕೈಬರಹ, ತಾನೇ ಆರಿಸಿದ ಮಾತು. ಮನೆಯವರು. ಮನೆಯಲ್ಲಿರುವ ಮಂದಿ ಎಂದು ಅವಳು ಬರೆದಿದ್ದಳು, ಗಂಡ ಎಂದು ಅತ್ತೆ ಓದಿದ್ದರು. ನಮ್ಮನೆಯವರಿಗೆ ಚಹಾ ಸುಡ್ತಾ ಇರ್ಬೇಕಿತ್ತು. ಆ ಬೆರಳು ಬೇರೆಯವರ ಗೇಟನ್ನು ದಾಟಿದ್ದಲ್ಲ. ಬೀಗ ಹಾಕಿದ ತನ್ನದೇ ಮನೆಯ ಮುಂದೆ ನಿಲ್ಲಲಾರದೆ ಮುಂದೆ ಹೋದದ್ದು.

"ಗಡ್ಡ, ಮುಂದಿನವರನ್ನ ನೀನೇ ಕೂರಿಸ್ಕೋ. ನಾನು ಮನೆಗೆ ಹೋಗ್ಬೇಕು."

"ಆಮೇಲೆ ಹೋದ್ರಾಗಲ್ವಾ ಅಕ್ಕ? ಇನ್ನೂ ಜನ ಇದಾರೆ."

"ಇಲ್ಲ," ಎಂದಳು. ಚೀಟಿಗಳನ್ನು ಬಾಚಿ ಚೀಲಕ್ಕೆ ಹಾಕಿಕೊಂಡಳು.

ಬಸ್ಸಿನಲ್ಲಿ ಕಿಟಕಿಯ ಪಕ್ಕ ಸೀಟು ಸಿಕ್ಕಿತು. ಮೆಕ್ಯಾನಿಕ್ ಅಂಗಡಿ, ಔಷಧದಂಗಡಿ, ಶಾಲೆಯ ಉದ್ದನೆಯ ಗೋಡೆ, ದಿನಾ ನೋಡುವವೇ ಹಿಂದಕ್ಕೆ ಹೋದವು. ಅವಳಿಗೆ ಆಗಲೂ ಅಳು ಬರಲಿಲ್ಲ. ಆದರೆ ಬಸ್ಸು ನಿಂತಲ್ಲೆಲ್ಲ ಯಾಕೆ ನಿಂತಿತು ಎಂದು ಸಿಟ್ಟು ಬಂತು. ಸಿಟ್ಟು ಬಂದದ್ದು ಬಹಳ ದಿನಗಳ ಮೇಲೆ.

ಮನೆಯ ಮುಂದೆ ನಾದಿನಿಯ ಕಾರು ನಿಂತಾಗಿತ್ತು. ಒಳಗೆ ಬಾಗಿಲ ಬಳಿಯೇ ಚೀಲ, ಅದರ ಮೇಲೆ ಮಡಿಸಿದ ಶಾಲು. ನಾದಿನಿ ಚಹಾದ ಲೋಟ ಹಿಡಿದು ನಿಂತಿದ್ದಳು. "ಬಂದ್ರಾ ಅತ್ತಿಗೆ? ನಿಮ್ಮತ್ತೆ ಬೆಳಿಗ್ಗೆಯಿಂದ ಚೀಲಕ್ಕೆ ಬಟ್ಟೆ ತುಂಬ್ತಾರೆ, ತೆಗೀತಾರೆ. ಈಗ ನೋಡಿದ್ರೆ ಅಡುಗೆಗೆ ನಿಂತಿದಾರೆ. ಊಟ ಮಾಡ್ಕೊಂಡೇ ಹೊರಡ್ಬೇಕಂತೆ."

ಅತ್ತೆ ಅಡುಗೆಮನೆಯಿಂದ ಇಣುಕಿದರು. "ಬೇಗ ಬಂದ್ಯಲ್ಲ? ಕೂತ್ಕೋ, ಬಡಿಸ್ತೀನಿ."

ಸೊಸೆ ಚಪ್ಪಲಿಯನ್ನೂ ಬಿಡದೆ ಮೇಜಿನ ಮೇಲೆ ಚೀಟಿಗಳನ್ನು ಹರಡಿದಳು. "ಅತ್ತೆ, ಅವತ್ತು ಅರ್ಧಕ್ಕೇ ನಿಂತುಹೋಯ್ತು. ಇನ್ನೊಂದು ಕೇಳ್ಬೇಕು."

"ಈಗಲಾ?"

"ಈಗ್ಲೇ. ನಿಮ್ಮ ಮಗಳ ನಂಬರು ಬೇಕು. ಯಾವ ಚೀಟಿ?"

ನಾದಿನಿ ಲೋಟ ಕೆಳಗಿಟ್ಟಳು. ಅತ್ತೆ ಕೈಯಲ್ಲಿ ಸೌಟು ಹಿಡಿದುಕೊಂಡೇ ಬಂದು ಕೊನೆಯ ಚೀಟಿಯನ್ನು ತೋರಿಸಿದರು.

"ಇತರೆನಾ?" ಎಂದಳು ನಾದಿನಿ. "ಹೊತ್ತು ಹೆತ್ತು ಸಾಕಿದ ಮಗಳು ಇತರೆನಾ ಅಮ್ಮ?"

"ಮತ್ತೆಲ್ಲಿ ಹಾಕ್ಲಿ? ನೀನೂ ಅಲ್ಲೇ, ಇವಳೂ ಅಲ್ಲೇ." ಅತ್ತೆ ಸೌಟಿನ ಕಡೆ ನೋಡಿದರು. "ಅವನೂ ಅಲ್ಲೇ."

ಅವನು ಹೋದ ಮೇಲೆ ಆ ಮನೆಯಲ್ಲಿ ಅವನ ಸುದ್ದಿ ಬಾಯಿಗೆ ಬಂದದ್ದು ಅದೇ ಮೊದಲು.

ಸೊಸೆ ಎರಡನೆಯ ಚೀಟಿಯನ್ನು ಮುಂದಕ್ಕೆ ಸರಿಸಿದಳು. "ಇದು?"

"ಅದು ಅವರದ್ದು," ಎಂದರು ಅತ್ತೆ. "ಅವರೇ ಇಲ್ವಲ್ಲ. ಖಾಲಿ ಕೋಣೆ ಬಾಗಿಲು ಯಾಕೆ ತೆಗೀಲಿ?"

ಸೊಸೆಗೆ ಇನ್ನು ಕೇಳಲು ಪ್ರಶ್ನೆ ಉಳಿದಿರಲಿಲ್ಲ. ಈಗ ಹೇಳಬೇಕಿತ್ತು, ಹೇಳುವುದು ಅವಳ ಕಸುಬಿನಲ್ಲಿ ನಿಷಿದ್ಧ. ಎದುರಿನವರಿಗೆ ತನಗೇನು ಬೇಕೆಂದು ತೋರಿಸಿಕೊಳ್ಳಬಾರದು. ಅವಳು ಫೋನು ತೆಗೆದು, ತನ್ನ ಆ್ಯಪನ್ನು ತೆರೆದು, ಅತ್ತೆಯ ಮುಂದೆ ಹಿಡಿದಳು. ಮನೆಯವರು ಎಂಬ ಸಾಲಿನ ಹಿಂದೆ ತೆಳು ನೀಲಿ ಬೆಳಗಿತ್ತು. ಕೆಳಗೆ ಎರಡು ಹೆಸರು.

"ನೀವು ಹೋದ್ರೆ," ಎಂದಳು. "ನೀವು ಹೋದ್ರೆ ಇಲ್ಲಿ ಫೋನು ಎತ್ತೋರು ಯಾರೂ ಇರಲ್ಲ, ಅತ್ತೆ. ಹೋಗ್ಬೇಡಿ."

ಅತ್ತೆ ಕನ್ನಡಕವಿಲ್ಲದ ಕಣ್ಣನ್ನು ಕಿರಿದು ಮಾಡಿ ಪರದೆಯನ್ನು ನೋಡಿದರು. ಮಗನ ಹೆಸರು, ಅದರ ಕೆಳಗೆ ತಮ್ಮದು. ಬಹಳ ಹೊತ್ತು ನೋಡಿದರು.

"ಅವನನ್ನ ತೆಗ್ದಿಲ್ಲ ನೀನು."

"ಇಲ್ಲ."

"ಇರ್ಲಿ." ಅವರು ಕುರ್ಚಿ ಎಳೆದುಕೊಂಡು ಕೂತರು. "ಭಾನುವಾರ ಕೇಳಿದ್ನಲ್ಲ, ಆಗ್ಲೇ ಬಾಯಿ ಬಿಡೋಕೆ ಏನಾಗಿತ್ತೇ ನಿನಗೆ? ನನ್ನ ಮುಖ ಅವನದ್ದೇ ಅಂತಾರೆ ಎಲ್ರೂ. ದಿನಾ ಈ ಮುಖ ನೋಡಿ ನೋಡಿ ಹೀಗಾಗಿದಾಳೆ, ಕಣ್ಮರೆಯಾದ್ರೆ ಚೇತರಿಸ್ಕೋತಾಳೆ ಅಂದ್ಕೊಂಡೆ."

"ನೀವು ನನ್ನ ಇತರೆ ಅಂದ್ರಿ. ಬೇಡವಾದವಳೇನೋ ಅಂತ ನಾನು..."

"ಯಾವನೋ ಬರೆದ ಚೀಟಿಗೆ..."

"ನಾನೇ ಬರೆದಿದ್ದು, ಅತ್ತೆ."

"ಹಾಗಾದ್ರೆ ನಿನಗೇ ಬುದ್ಧಿ ಇಲ್ಲ ಬಿಡು."

ನಾದಿನಿ ಅವರಿಬ್ಬರನ್ನೂ ಒಬ್ಬರಾದ ಮೇಲೊಬ್ಬರಂತೆ ನೋಡಿ, ಬಾಗಿಲ ಬಳಿ ಹೋಗಿ ಚೀಲವನ್ನು ಎತ್ತಿದಳು. "ಇದನ್ನ ನಿನ್ನೆ ಫೋನಲ್ಲಿ ಹೇಳಿದ್ರೆ ನನಗೆ ಈ ಟ್ರಾಫಿಕ್ಕಾದ್ರೂ ತಪ್ತಿತ್ತು. ಮಹಾತಾಯಂದಿರಾ! ಎಲ್ಲಿಡ್ಲಿ ಇದನ್ನ?"

"ಇದ್ದಲ್ಲೇ ಇಡು," ಎಂದರು ಅತ್ತೆ. "ಮಂಚದ ಕೆಳಗೆ. ಕೂತ್ಕೊಳ್ಳಿ ಇಬ್ರೂ, ಊಟ ಆರಿಹೋಗುತ್ತೆ."

ಸೊಸೆ ಚಪ್ಪಲಿ ಬಿಟ್ಟು ಕೈ ತೊಳೆದು ಬಂದಳು. ಮೇಜಿನ ಒಂದು ತುದಿಯಲ್ಲಿ ಚೀಟಿಗಳು ಹಾಗೇ ಇದ್ದವು. ಎರಡನೆಯದನ್ನು ತಿರುವಿ ಹಾಕಿ ಬೆನ್ನಿನ ಮೇಲೆ ಪೆನ್ಸಿಲ್ಲಿನಲ್ಲಿ 'ನಮ್ಮವರು' ಎಂದು ಬರೆದಳು. ಸಾಕಾದೀತೆ ಎಂದು ನೋಡಿದಳು. ಸೋಮವಾರ ಟೈಲರಮ್ಮನ ಮುಂದಿಟ್ಟರೆ ತಿಳಿಯುತ್ತದೆ. ಖಾಲಿ ಸಾಲನ್ನು ಮಾಯ ಮಾಡುವುದು ಬೇಡ ಎಂದೂ ಗಡ್ಡನಿಗೆ ಹೇಳಬೇಕು.

ಅತ್ತೆ ಬಡಿಸಿದರು. ನಾದಿನಿ ಮೊದಲ ತುತ್ತಿಗೇ ತಲೆಯೆತ್ತಿದಳು, ಅತ್ತೆ ಕಣ್ಣಿನಲ್ಲೇ ಅವಳ ಬಾಯಿ ಮುಚ್ಚಿಸಿದರು. ಆಮೇಲೆ ಸೊಸೆಯ ಎದುರು ಕೂತು ಎಂದಿನಂತೆ ಕೇಳಿದರು.

"ಉಪ್ಪು ಸರಿಯಾಗಿದೆಯಾ?"

ಸೊಸೆ ಅಗಿದಳು. ನಿಲ್ಲಿಸಿದಳು. ಮತ್ತೆ ಅಗಿದಳು.

"ಇಲ್ಲ ಅತ್ತೆ," ಎಂದಳು. "ಉಪ್ಪೇ ಇಲ್ಲ ಇದರಲ್ಲಿ."

"ನಿನ್ನೇನೂ ಇರ್ಲಿಲ್ಲ," ಎಂದರು ಅತ್ತೆ. "ಮೊನ್ನೇನೂ ಇರ್ಲಿಲ್ಲ." ಉಪ್ಪಿನ ಡಬ್ಬಿಯನ್ನು ಅವಳ ಕಡೆ ತಳ್ಳಿ ಕಣ್ಣು ಮುಚ್ಚಿದರು. ಬೆಳಿಗ್ಗೆ ಕಿಟಕಿಯ ಮುಂದೆ ಅಲ್ಲಾಡುವ ಹಾಗೆ ಅವರ ತುಟಿ ಒಮ್ಮೆ ಅಲ್ಲಾಡಿತು. "ಹಾಕ್ಕೋ."